ಚೆಂಡಿನ ಮುಂದಿನ ನಾಲ್ಕು ಇಂಚು ನೆಲ

ಬೆಳಗಾವಿಯ ಕ್ರೀಡಾಸಕ್ತರೆಲ್ಲರಿಗೂ ನಮಸ್ಕಾರ.

ಗಾಲ್ಫ್ ಕಲಿಯುತ್ತಿರುವವರ ದೂರುಗಳಲ್ಲಿ ಬಹುಪಾಲು ಒಂದೇ ಬಗೆಯವು. ಒಂದು ಹೊಡೆತ ಮನಸ್ಸು ತುಂಬುವಂತೆ ಹಾರುತ್ತದೆ, ಅದೇ ಕ್ಲಬ್ಬಿನ, ಅಂದರೆ ಹೊಡೆಯುವ ಕೋಲಿನ, ಮರುಹೊಡೆತದಲ್ಲಿ ಚೆಂಡು ಹತ್ತು ಹೆಜ್ಜೆ ಉರುಳಿ ನಿಂತುಬಿಡುತ್ತದೆ. ಈ ಏರುಪೇರನ್ನು ಸರಿಪಡಿಸಲು ಹೊರಟವರು ತಮ್ಮ ಸ್ವಿಂಗನ್ನು, ಅಂದರೆ ಕ್ಲಬ್ಬು ಬೀಸುವ ರೀತಿಯನ್ನು, ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು, ಕೈ ಎಷ್ಟು ಎತ್ತರಕ್ಕೆ ಹೋಯಿತು, ಮೊಣಕೈ ಎಲ್ಲಿ ಮಡಚಿತು ಎಂದು ಪ್ರಸಿದ್ಧರ ಚಿತ್ರಗಳೊಡನೆ ಹೋಲಿಸಿ ನೋಡುತ್ತಾರೆ. ಈ ದಾರಿ ಬಲು ಸುತ್ತಿನದು ಎಂಬುದು ನನ್ನ ಅಭಿಪ್ರಾಯ. ಹೊಡೆತದ ಸ್ಥಿರತೆಯನ್ನು ಬಯಸುವವರು ಮೊದಲು ನೋಡಬೇಕಾದದ್ದು ಕ್ಲಬ್ಬು ನೆಲವನ್ನು ಎಲ್ಲಿ ಮುಟ್ಟಿತು ಎಂಬುದನ್ನು.

ಸ್ವಿಂಗಿನ ಅಂದಕ್ಕೂ ಹೊಡೆತದ ಗುಣಕ್ಕೂ ನಾವು ಎಣಿಸಿದಷ್ಟು ನಂಟಿಲ್ಲ. ಅಮೆರಿಕದ ಜಿಮ್ ಫ್ಯೂರಿಕ್ ಅವರ ಸ್ವಿಂಗನ್ನು ಯಾವ ತರಬೇತುದಾರನೂ ಮಾದರಿಯೆಂದು ಶಿಷ್ಯರಿಗೆ ತೋರಿಸಲಾರ. ಕ್ಲಬ್ಬು ಮೇಲಕ್ಕೆ ಒಂದು ದಾರಿಯಲ್ಲಿ ಹೋಗಿ, ಅಲ್ಲೊಂದು ಸುತ್ತು ಹಾಕಿ, ಬೇರೆಯೇ ದಾರಿಯಲ್ಲಿ ಕೆಳಗಿಳಿಯುತ್ತದೆ. ಆದರೂ ಅವರು 2003ರಲ್ಲಿ ಯುಎಸ್ ಓಪನ್ ಗೆದ್ದರು, 2016ರಲ್ಲಿ ಅಮೆರಿಕದ ವೃತ್ತಿಪರರ ಪಂದ್ಯಸರಣಿಯಾದ ಪಿಜಿಎ ಟೂರಿನ ಒಂದು ಸುತ್ತನ್ನು ಕೇವಲ 58 ಹೊಡೆತಗಳಲ್ಲಿ ಮುಗಿಸಿದರು. ಶುದ್ಧ ಹೊಡೆತಕ್ಕೆ ಇಂದಿಗೂ ಅಳತೆಗೋಲಾಗಿರುವ ಬೆನ್ ಹೋಗನ್ ಅವರ ಸ್ವಿಂಗಿಗೂ ಇದಕ್ಕೂ ನೋಟದಲ್ಲಿ ಹೋಲಿಕೆಯೇ ಇಲ್ಲ. ಚೆಂಡನ್ನು ಮುಟ್ಟುವ ಗಳಿಗೆಯಲ್ಲಿ ಮಾತ್ರ ಇಬ್ಬರ ಕ್ಲಬ್ಬೂ ಮಾಡಬೇಕಾದ ಕೆಲಸವನ್ನೇ ಮಾಡುತ್ತಿತ್ತು.

ಆ ಗಳಿಗೆ ಎಷ್ಟು ಚಿಕ್ಕದೆಂಬುದನ್ನು ಗಮನಿಸಿ. ಚೆಂಡಿನ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರಬಾರದು, ತೂಕ 45.93 ಗ್ರಾಮು ಮೀರಬಾರದು ಎನ್ನುತ್ತದೆ ನಿಯಮ. ಇಷ್ಟು ಹಗುರವಾದ ಆ ವಸ್ತು ಕ್ಲಬ್ಬಿನ ಫೇಸಿಗೆ, ಅಂದರೆ ಹೊಡೆಯುವ ಮುಖಕ್ಕೆ, ತಾಗಿಕೊಂಡಿರುವುದು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಹೊಡೆತದ ಅನುಭವ ಅಂಗೈಯಿಂದ ಮಿದುಳಿಗೆ ತಲುಪುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಆದ್ದರಿಂದ ತಾಗುವ ಕ್ಷಣದಲ್ಲಿ ಮಣಿಕಟ್ಟು ತಿರುಗಿಸಿ ಸರಿಪಡಿಸುತ್ತೇನೆ ಎಂಬ ಯತ್ನಕ್ಕೆ ಅರ್ಥವಿಲ್ಲ.

ಸ್ವಿಂಗು ಸ್ಥೂಲವಾಗಿ ಓರೆಯಾದ ಒಂದು ವೃತ್ತಖಂಡ. ಅದರಲ್ಲಿ ಕ್ಲಬ್ಬಿನ ತಲೆ ಅತ್ಯಂತ ಕೆಳಗೆ ಬರುವ ಒಂದು ಬಿಂದುವಿದೆ. ಐರನ್ನಿನಿಂದ (ತೆಳು ಲೋಹದ ತಲೆಯ ಕ್ಲಬ್ಬಿನಿಂದ) ನೆಲದ ಮೇಲಿನ ಚೆಂಡನ್ನು ಹೊಡೆಯುವಾಗ ಒಳ್ಳೆಯ ಆಟಗಾರರಲ್ಲಿ ಈ ಬಿಂದು ಚೆಂಡಿಗಿಂತ ಸುಮಾರು ನಾಲ್ಕು ಇಂಚು ಮುಂದೆ, ಅಂದರೆ ಗುರಿಯ ಕಡೆಗೆ, ಇರುತ್ತದೆ. ಕ್ಲಬ್ಬು ಇನ್ನೂ ಇಳಿಯುತ್ತಿರುವಾಗಲೇ ಚೆಂಡಿಗೆ ತಾಗಿ, ಆಮೇಲೆ ಹುಲ್ಲನ್ನೂ ಮಣ್ಣನ್ನೂ ಕೆತ್ತಿಕೊಂಡು ಹೋಗುತ್ತದೆ. ಟೀ ಎಂಬ ಚಿಕ್ಕ ಗೂಟದ ಮೇಲಿಟ್ಟ ಚೆಂಡನ್ನು ಡ್ರೈವರಿನಿಂದ (ದೂರ ಹೊಡೆಯುವ ದಪ್ಪ ತಲೆಯ ಕ್ಲಬ್ಬಿನಿಂದ) ಹೊಡೆಯುವಾಗ ಲೆಕ್ಕ ಬೇರೆ. ಅಲ್ಲಿ ಕ್ಲಬ್ಬು ಮಟ್ಟಸವಾಗಿಯೋ ತುಸು ಏರುತ್ತಲೋ ಬರಬಹುದು, ಅದಕ್ಕೆಂದೇ ಚೆಂಡನ್ನು ಎಡ ಹಿಮ್ಮಡಿಯ ನೇರಕ್ಕೆ ಇಟ್ಟುಕೊಳ್ಳುತ್ತೇವೆ. ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟು ಹೇಳುತ್ತಿದ್ದೇನೆ, ಎಡಗೈಯವರು ತಿರುಗಿಸಿಕೊಳ್ಳಬೇಕು.

ಈ ಬಿಂದು ಚೆಂಡಿನ ಹಿಂದಕ್ಕೆ ಸರಿದರೆ ಆಗುವುದು ಎರಡು. ಕ್ಲಬ್ಬು ಮೊದಲು ಮಣ್ಣಿಗೆ ಹೊಕ್ಕು ವೇಗ ಕಳೆದುಕೊಂಡರೆ ನಾವು ಫ್ಯಾಟ್ ಎನ್ನುವ ಹೊಡೆತ. ನೆಲ ತಪ್ಪಿಸಿಕೊಂಡು ಮೇಲೇಳುತ್ತ ಬಂದು ಅದರ ಅಂಚು ಚೆಂಡಿನ ನಡುವಿಗೆ ಬಡಿದರೆ ಥಿನ್ ಎನ್ನುವ ಹೊಡೆತ. ನೋಡಲು ಒಂದಕ್ಕೊಂದು ವಿರುದ್ಧವಾಗಿ ಕಾಣುವ ಇವೆರಡರ ಬೇರು ಬಹಳ ಮಟ್ಟಿಗೆ ಒಂದೇ. ಫ್ಯಾಟ್ ಹೊಡೆದವನು ಮುಂದಿನ ಸಲ ದೇಹವನ್ನು ತುಸು ಎತ್ತಿಕೊಂಡು ಥಿನ್ ಹೊಡೆಯುತ್ತಾನೆ, ಅದಕ್ಕೆ ಹೆದರಿ ತಗ್ಗಿ ಮತ್ತೆ ಫ್ಯಾಟ್ ಹೊಡೆಯುತ್ತಾನೆ. ಪಕ್ಕದಲ್ಲಿ ನಿಂತವರು ಎರಡಕ್ಕೂ ‘ತಲೆ ಎತ್ತಿದಿರಿ’ ಎಂಬ ಒಂದೇ ಔಷಧ ಹೇಳುತ್ತಾರೆ. ಈ ಸಲಹೆ ಕೊಟ್ಟಷ್ಟು ಸುಲಭವಾಗಿ ಫಲ ಕೊಡುವುದಿಲ್ಲ. ತಲೆಯನ್ನು ಬಿಗಿಹಿಡಿದವನ ಭಾರ ಎಷ್ಟೋ ವೇಳೆ ಬಲಗಾಲಿನ ಮೇಲೆಯೇ ಉಳಿದುಬಿಡುತ್ತದೆ, ಬಿಂದು ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ.

ನಮ್ಮ ಊರಿನವರಿಗೆ ಇಲ್ಲಿ ಇನ್ನೊಂದು ತೊಡಕಿದೆ. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಭಾರತದ ಹಾಕಿ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲ ಇದ್ದರು; ಹಾಕಿ ಕೋಲು, ಕ್ರಿಕೆಟ್ ಬ್ಯಾಟು ಹಿಡಿದು ಬೆಳೆದ ಮೇಲೆಯೇ ಗಾಲ್ಫಿಗೆ ಬರುವವರು ನಮ್ಮಲ್ಲಿ ಹೆಚ್ಚು. ಅವರ ಕಣ್ಣು, ಕೈ, ಕಾಲಿನ ಹೊಂದಾಣಿಕೆ ನಿಜಕ್ಕೂ ದೊಡ್ಡ ಬಂಡವಾಳ. ಆದರೆ ಕ್ರಿಕೆಟ್ಟಿನಲ್ಲಿ ಚೆಂಡನ್ನು ಮೇಲೆ ಕಳಿಸಬೇಕಾದರೆ ಬ್ಯಾಟನ್ನು ಅದರ ಅಡಿಗೆ ತಂದು ಎತ್ತಬೇಕು. ಅದೇ ರೂಢಿಯಲ್ಲಿ ಏಳನೇ ನಂಬರಿನ ಐರನ್ ಹಿಡಿದಾಗ ಬಲ ಅಂಗೈ ತಾನಾಗಿ ಚೆಂಡನ್ನು ಮೊಗೆಯಲು ಹೋಗುತ್ತದೆ. ಎತ್ತುವ ಕೆಲಸವನ್ನು ಮಾಡಲೆಂದೇ ಆ ಕ್ಲಬ್ಬಿನ ಫೇಸನ್ನು ಮೂವತ್ತು ಡಿಗ್ರಿಯ ಆಸುಪಾಸಿನಲ್ಲಿ ಓರೆಯಾಗಿ ಮಾಡಿದ್ದಾರೆ. ಆಟಗಾರನೂ ಎತ್ತಲು ಹೋದರೆ ಮಣಿಕಟ್ಟು ಬೇಗ ಬಿಚ್ಚಿ, ಬಿಂದು ಹಿಂದೆ ಬೀಳುತ್ತದೆ. ಹಾಕಿಯವರಿಗೆ ಈ ಕಷ್ಟ ಕಡಿಮೆ ಎಂದು ನಾನು ಕಂಡುಕೊಂಡಿದ್ದೇನೆ.

ಅಭ್ಯಾಸಕ್ಕೆ ಬೇಕಾದದ್ದು ಒಂದು ಹಿಡಿ ರಂಗೋಲಿ ಪುಡಿ. ಗುರಿಯ ದಿಕ್ಕಿಗೆ ಅಡ್ಡವಾಗಿ ನೆಲದ ಮೇಲೆ ಒಂದು ಮಾರುದ್ದದ ಗೆರೆ ಎಳೆಯಿರಿ. ಗೆರೆ ಎರಡು ಪಾದಗಳ ನಡುವೆ ಬರುವಂತೆ ನಿಂತು, ಚೆಂಡಿಲ್ಲದೆ ಸ್ವಿಂಗ್ ಮಾಡಿ, ಪ್ರತಿ ಸಲವೂ ಗೆರೆಗುಂಟ ಒಂದು ಹೆಜ್ಜೆ ಸರಿಯುತ್ತ ಹೋಗಿ. ಕೆತ್ತಿದ ಗುರುತು ಗೆರೆಯ ಮೇಲೆ ಆರಂಭವಾಗಿ ಗುರಿಯ ಕಡೆಗೆ ಚಾಚಿದ್ದರೆ ಸರಿ. ಗೆರೆಯ ಹಿಂದೆ ಆರಂಭವಾಗಿದ್ದರೆ ಭಾರ ಎಡಗಾಲಿಗೆ ಬಂದಿತ್ತೇ, ಎದೆ ಹಿಂದಕ್ಕೆ ವಾಲಿತ್ತೇ ಎಂದು ಕೇಳಿಕೊಳ್ಳಿ. ಗುರುತುಗಳು ಒಂದೇ ಕಡೆ ಬೀಳತೊಡಗಿದ ಮೇಲೆಯೇ ಗೆರೆಯ ಮೇಲೆ ಚೆಂಡಿಡಬೇಕು. ಫೇರ್‌ವೇಯಲ್ಲಿ, ಅಂದರೆ ಆಟದ ಹಾದಿಯ ಕತ್ತರಿಸಿದ ಹುಲ್ಲಿನ ಮೇಲೆ, ಇದನ್ನು ಮಾಡಬೇಡಿ, ಮತ್ತು ಕೆತ್ತಿದ ಜಾಗಕ್ಕೆ ಮರಳು ತುಂಬುವುದನ್ನು ಮಾಲಿಗೆ ಬಿಟ್ಟು ಹೋಗಬೇಡಿ.

ಗುರುತು ಓದುವಾಗ ಮಣ್ಣಿನ ಗುಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಖಾನಾಪುರದ ಕಡೆ ಜಂಬಿಟ್ಟಿಗೆಯ ಕೆಂಪು ನೆಲ, ಬೈಲಹೊಂಗಲದ ಕಡೆ ಎರೆ. ಬೇಸಿಗೆಯಲ್ಲಿ ಗಟ್ಟಿಯಾದ ಕೆಂಪು ನೆಲಕ್ಕೆ ತಾಗಿದ ಕ್ಲಬ್ಬು ಒಳಗೆ ಹೊಕ್ಕದೆ ಪುಟಿಯುತ್ತದೆ, ಹಾಗಾಗಿ ಒಂದಿಂಚು ಹಿಂದೆ ಬಿದ್ದ ಹೊಡೆತವೂ ಕೆಲವೊಮ್ಮೆ ಪಾಸಾಗಿಬಿಡುತ್ತದೆ. ಮಳೆಗಾಲದ ಮೆತ್ತನೆಯ ನೆಲ ಆ ರಿಯಾಯಿತಿ ಕೊಡುವುದಿಲ್ಲ. ಮೇ ತಿಂಗಳಲ್ಲಿ ಚೆನ್ನಾಗಿ ಹೊಡೆಯುತ್ತಿದ್ದವರು ಜುಲೈಯಲ್ಲಿ ‘ಆಟವೇ ಹೋಯಿತು’ ಎಂದು ಕೊರಗುವುದುಂಟು. ಆಟ ಇದ್ದಂತೆಯೇ ಇದೆ, ನೆಲ ಬದಲಾಗಿದೆ. ಜೊತೆಗೆ ಒದ್ದೆ ಹುಲ್ಲು ಫೇಸಿಗೂ ಚೆಂಡಿಗೂ ನಡುವೆ ಸಿಕ್ಕಿಕೊಂಡರೆ ಚೆಂಡಿನ ಹಿಮ್ಮುಖ ತಿರುಗು ಕಡಿಮೆಯಾಗಿ, ಅದು ಗ್ರೀನಿನ (ಗುಳಿಯ ಸುತ್ತಲಿನ ನುಣುಪು ಹುಲ್ಲಿನ) ಮೇಲೆ ನಿಲ್ಲದೆ ಓಡುತ್ತದೆ.

ಬಿಂದು ಹಿಡಿತಕ್ಕೆ ಬಂದ ಮೇಲೆ ಉಳಿಯುವುದು ಫೇಸಿನ ಯಾವ ಭಾಗಕ್ಕೆ ಚೆಂಡು ತಾಗಿತು ಎಂಬ ಪ್ರಶ್ನೆ. ವೈಟ್‌ಬೋರ್ಡ್ ಮಾರ್ಕರಿನಿಂದ ಚೆಂಡಿನ ಮೇಲೆ ಒಂದು ಚುಕ್ಕೆ ಇಟ್ಟು, ಅದು ಫೇಸಿನ ಕಡೆಗಿರುವಂತೆ ಚೆಂಡನ್ನು ಇರಿಸಿ ಹೊಡೆದರೆ ಫೇಸಿನ ಮೇಲೆ ಅಚ್ಚು ಮೂಡುತ್ತದೆ. ಡ್ರೈವರಿನಲ್ಲಿ ಇದು ಬಹು ಮುಖ್ಯ: ಟೋ ಕಡೆ, ಅಂದರೆ ಫೇಸಿನ ಹೊರತುದಿಗೆ, ತಾಗಿದ ಚೆಂಡು ಎಡಕ್ಕೂ, ಹೀಲ್ ಕಡೆ, ಅಂದರೆ ಕೋಲು ಸೇರುವ ಬದಿಗೆ, ತಾಗಿದ್ದು ಬಲಕ್ಕೂ ಬಾಗುವ ಒಲವು ತೋರುತ್ತದೆ. ಚೆಂಡು ಬಲಕ್ಕೆ ಬಾಗಿತೆಂದು ಗ್ರಿಪ್ ಬದಲಿಸುವ ಮೊದಲು ಈ ಅಚ್ಚನ್ನು ನೋಡಬೇಕು. ಎಷ್ಟೋ ಸಲ ಚೆಂಡಿಗೆ ಅರ್ಧ ಇಂಚು ಹತ್ತಿರ ನಿಂತದ್ದೇ ಕಾರಣವಾಗಿರುತ್ತದೆ.

ಮನಸ್ಸನ್ನು ಎಲ್ಲಿಡಬೇಕು ಎಂಬುದಕ್ಕೂ ಸಂಶೋಧನೆಯ ಆಧಾರವಿದೆ. ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1999ರಲ್ಲಿ ಗಾಲ್ಫ್ ಹೊಸಬರ ಮೇಲೆ ನಡೆಸಿದ ಅಧ್ಯಯನದಲ್ಲಿ, ತಮ್ಮ ತೋಳಿನ ಚಲನೆಗೆ ಗಮನ ಕೊಟ್ಟವರಿಗಿಂತ ಕ್ಲಬ್ಬಿನ ಚಲನೆಗೆ ಗಮನ ಕೊಟ್ಟವರು ಗುರಿಗೆ ಹೆಚ್ಚು ಹತ್ತಿರ ಹೊಡೆದರು. ಸ್ವಿಂಗಿನ ನಡುವೆ ಮೊಣಕೈಯನ್ನು ನೆನೆಯುವುದಕ್ಕಿಂತ ಚೆಂಡಿನ ಮುಂದಿನ ಹುಲ್ಲಿನ ಎಸಳೊಂದನ್ನು ನೆನೆಯಿರಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಇನ್ನು, ಒಂದೇ ಕ್ಲಬ್ಬಿನಿಂದ ಚೆಂಡಿನ ಬುಟ್ಟಿ ಖಾಲಿಯಾಗುವವರೆಗೆ ಹೊಡೆಯುವ ಅಭ್ಯಾಸ. ಶೇ ಮತ್ತು ಮಾರ್ಗನ್ 1979ರಲ್ಲಿ ಕೈಚಲನೆಗಳ ಕಲಿಕೆಯ ಬಗ್ಗೆ ತೋರಿಸಿದ್ದೇನೆಂದರೆ, ಒಂದನ್ನೇ ಮತ್ತೆ ಮತ್ತೆ ಮಾಡಿದವರು ಆ ಹೊತ್ತಿಗೆ ಮುಂದಿದ್ದರು, ಬೆರೆಸಿ ಮಾಡಿದವರು ಕೆಲವು ದಿನಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಗೆರೆಯ ಅಭ್ಯಾಸ ಮುಗಿದ ಮೇಲೆ ಪ್ರತಿ ಚೆಂಡಿಗೂ ಕ್ಲಬ್ಬನ್ನು, ಗುರಿಯನ್ನು ಬದಲಿಸಿ. ಅಂದಿನ ಹೊಡೆತಗಳು ಒರಟಾಗಿ ಕಂಡರೂ ಚಿಂತೆಯಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಊರಿನ ಮಳೆಯಲ್ಲಿ ಮೈದಾನ ಸಿಗದ ದಿನಗಳೇ ಹೆಚ್ಚು, ಆಗ ಹಲವರು ಕೃತಕ ಹುಲ್ಲಿನ ಮ್ಯಾಟಿನ ಮೇಲೆ ಹೊಡೆಯುತ್ತಾರೆ. ಮ್ಯಾಟು ಸುಳ್ಳು ಹೇಳುತ್ತದೆ: ಹಿಂದೆ ಬಿದ್ದ ಕ್ಲಬ್ಬು ಅದರ ಮೇಲೆ ಜಾರಿ ಚೆಂಡಿಗೆ ತಾಗಿ, ಹೊಡೆತ ಚೆನ್ನಾಗಿಯೇ ಬಂತೆನ್ನಿಸುತ್ತದೆ. ಒಂದು ಟವೆಲ್ಲನ್ನು ಮಡಚಿ ಚೆಂಡಿಗಿಂತ ಒಂದು ಗೇಣು ಹಿಂದೆ ಇಡಿ. ಕ್ಲಬ್ಬು ಟವೆಲ್ಲಿಗೆ ತಾಗದೆ ಚೆಂಡನ್ನು ಮುಟ್ಟುವಂತಾದ ಮೇಲೆ ಅದನ್ನು ಒಂದೊಂದೇ ಬೆರಳಿನಷ್ಟು ಮುಂದಕ್ಕೆ ಸರಿಸುತ್ತ, ಐದಾರು ಬೆರಳಿನ ಅಂತರದವರೆಗೆ ಬನ್ನಿ. ಚೆಂಡಿಲ್ಲದಿದ್ದರೂ, ಮನೆಯ ಜಗಲಿಯಲ್ಲೂ ಇದನ್ನು ಮಾಡಬಹುದು, ಮೇಲೆ ಫ್ಯಾನು ಇಲ್ಲದಿದ್ದರೆ.