ಟೆಂಡರಿನಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಸೇನೆಗೆ ಬೇಕಾದ ಸಾಮಗ್ರಿಯನ್ನು ಸರ್ಕಾರಗಳು ಹೇಗೆ ಕೊಳ್ಳುತ್ತವೆ, ಪೂರೈಸಲು ಬಯಸುವವರು ಟೆಂಡರ್ ಹೇಗೆ ಹಾಕಬೇಕು ಎಂದು ತಿಳಿಸಲು ನನಗೆ ಈ ಹೊತ್ತನ್ನು ಕೊಟ್ಟಿದ್ದಾರೆ. ನಾನು ಮಾತನಾಡುತ್ತಿರುವುದು ದೊಡ್ಡ ಕಂಪನಿಗಳ ಜೊತೆಗಲ್ಲ. ಅವರ ಬಳಿ ವಕೀಲರ ದಂಡೇ ಇದೆ. ಲೇತ್ ಮುಂದೆ ನಿಂತು ಒಂದು ಬಿಡಿಭಾಗವನ್ನು ಕೂದಲೆಳೆಯಷ್ಟೂ ತಪ್ಪದಂತೆ ಕಡೆಯಬಲ್ಲವರು, ಬೂಟು, ಡೇರೆ, ಕೇಬಲ್, ಬ್ಯಾಟರಿ ತಯಾರಿಸುವವರು, ಇದೆಲ್ಲ ನಮ್ಮ ಕೈಗೆಟುಕುವ ವ್ಯವಹಾರವಲ್ಲ ಎಂದು ದೂರ ಉಳಿದವರು, ನೀವು ಕೇಳಬೇಕು.

ನಾನು ಹೇಳುವುದು ಒಂದೇ ಮಾತು. ಟೆಂಡರ್ ಕಡತದಲ್ಲಿ ಏನು ಕೇಳಿದ್ದಾರೋ ಅದಕ್ಕೆ ಉತ್ತರ ಕೊಡಿ. ಕೇಳದ್ದನ್ನು ಹೇಳಲು ಹೋಗಬೇಡಿ, ಕೇಳಿದ್ದನ್ನು ಬಿಡಬೇಡಿ.

ಸೇನೆಯ ಖರೀದಿಯಲ್ಲಿ ಕೊಳ್ಳುವವರು ಒಬ್ಬರೇ, ಸರ್ಕಾರ. ಎಷ್ಟೋ ಸಲ ಅವರಿಗೆ ಬೇಕಾದ ವಸ್ತು ಇನ್ನೂ ತಯಾರೇ ಆಗಿರುವುದಿಲ್ಲ. ಕೊಂಡದ್ದನ್ನು ಮೂವತ್ತು, ನಲವತ್ತು ವರ್ಷ ಬಳಸುತ್ತಾರೆ. ಹಣ ಜನರದ್ದು. ಆದ್ದರಿಂದ ಎಲ್ಲವನ್ನೂ ಮೊದಲೇ ಬರೆದಿಡುತ್ತಾರೆ: ವಸ್ತು ಏನು ಮಾಡಬೇಕು, ಎಷ್ಟು ಚಳಿ, ಎಷ್ಟು ಸೆಕೆ ತಡೆಯಬೇಕು, ಯಾವ ಗುಣಕ್ಕೆ ಎಷ್ಟು ಅಂಕ, ಯಾವುದು ಕಡ್ಡಾಯ, ಯಾವುದು ಇದ್ದರೆ ಒಳ್ಳೆಯದು. ಆಮೇಲೆ ಸಾಮಾನ್ಯವಾಗಿ ನಿಮ್ಮಿಂದ ಎರಡು ಲಕೋಟೆ ಕೇಳುತ್ತಾರೆ, ಒಂದರಲ್ಲಿ ತಾಂತ್ರಿಕ ವಿವರ, ಇನ್ನೊಂದರಲ್ಲಿ ದರ. ಮೊದಲನೆಯದರಲ್ಲಿ ತೇರ್ಗಡೆಯಾದವರ ಎರಡನೆಯ ಲಕೋಟೆಯನ್ನು ಮಾತ್ರ ಒಡೆಯುತ್ತಾರೆ. ಕಡಿಮೆ ದರ ಕಂಡು ಪರೀಕ್ಷಕರ ಮನಸ್ಸು ವಾಲಬಾರದೆಂದೇ ಈ ಏರ್ಪಾಡು. ಅಂದರೆ ನೀವು ಎಷ್ಟೇ ಅಗ್ಗಕ್ಕೆ ಕೊಡಲು ಸಿದ್ಧರಿದ್ದರೂ ಮೊದಲ ಲಕೋಟೆಯಲ್ಲಿ ಒಂದು ಕಡ್ಡಾಯ ಷರತ್ತಿಗೆ ಉತ್ತರ ತಪ್ಪಿದರೆ ನಿಮ್ಮ ದರವನ್ನು ಯಾರೂ ನೋಡುವುದೇ ಇಲ್ಲ.

ಬರೆದಿಟ್ಟ ಷರತ್ತಿನಂತೆಯೇ ನಡೆಯಬೇಕೆಂಬುದು ಎಷ್ಟು ಗಟ್ಟಿಯಾದ ನಿಯಮ ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಹೇಳುತ್ತೇನೆ. ನನಗೆ ಬಹಳ ಇಷ್ಟವಾದ ಪ್ರಕರಣ. ಈ ಕಸುಬಿಗೆ ಬರುವ ಹುಡುಗರಿಗೆ ನಾನು ಮೊದಲು ಓದಲು ಕೊಡುವುದೇ ಇದನ್ನು.

ಹಾರುತ್ತಿರುವ ಯುದ್ಧವಿಮಾನಕ್ಕೆ ಆಕಾಶದಲ್ಲೇ ಇಂಧನ ತುಂಬುವ ಟ್ಯಾಂಕರ್ ವಿಮಾನಗಳಿವೆ. ಅಮೆರಿಕದ ವಾಯುಪಡೆಯ ಬಳಿ ಇದ್ದವುಗಳಲ್ಲಿ ಹೆಚ್ಚಿನವು 1957ರಿಂದ ಸೇವೆಗೆ ಬಂದ ಹಳೆಯ ಬೋಯಿಂಗ್ ವಿಮಾನಗಳು. ಹೊಸದಾಗಿ 179 ಟ್ಯಾಂಕರ್ ಬೇಕೆಂದು 2007ರ ಜನವರಿಯಲ್ಲಿ ಟೆಂಡರ್ ಕರೆದರು. ಸುಮಾರು 3,500 ಕೋಟಿ ಡಾಲರಿನ ವ್ಯವಹಾರ. ಒಂದು ಕಡೆ ಬೋಯಿಂಗ್, ತನ್ನ 767 ವಿಮಾನದ ಮಾದರಿಯೊಂದಿಗೆ. ಇನ್ನೊಂದು ಕಡೆ ಅಮೆರಿಕದ್ದೇ ಕಂಪನಿ ನಾರ್ತ್ರಾಪ್ ಗ್ರಮ್ಮನ್ ಮತ್ತು ಏರ್‌ಬಸ್‌ನ ಒಡೆತನ ಹೊಂದಿದ್ದ ಯುರೋಪಿನ ಇಎಡಿಎಸ್ ಜೊತೆಗೂಡಿ, ಏರ್‌ಬಸ್ ಎ330 ಮಾದರಿಯೊಂದಿಗೆ. ಎ330 ಗಾತ್ರದಲ್ಲಿ ದೊಡ್ಡದು, ಹೆಚ್ಚು ಇಂಧನ ಹೊರುತ್ತದೆ. 2008ರ ಫೆಬ್ರುವರಿ 29ರಂದು ಗೆದ್ದದ್ದು ಈ ದೊಡ್ಡ ವಿಮಾನ.

ಬೋಯಿಂಗ್ ಸುಮ್ಮನಿರಲಿಲ್ಲ. ನಮ್ಮನ್ನು ಏಕೆ ಕೈಬಿಟ್ಟಿರಿ ಎಂದು ವಿವರಣೆ ಕೇಳಿತು. ಮಾರ್ಚ್ 7ರಂದು ವಿವರಣೆ ಸಿಕ್ಕಿತು. 11ರಂದು ಅಮೆರಿಕದ ಸಂಸತ್ತಿಗೆ ಸೇರಿದ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒಗೆ ದೂರು ಸಲ್ಲಿಸಿತು. ಅಲ್ಲಿನ ವಕೀಲರು ಯಾವ ವಿಮಾನ ಉತ್ತಮ ಎಂದು ನೋಡಲೇ ಇಲ್ಲ. ಅದು ಅವರ ಕೆಲಸವಲ್ಲ. ಟೆಂಡರ್ ಕಡತವನ್ನು ಒಂದು ಕೈಯಲ್ಲಿ, ವಾಯುಪಡೆಯ ಮೌಲ್ಯಮಾಪನದ ಟಿಪ್ಪಣಿಗಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಸಾಲು ಸಾಲಾಗಿ ಹೋಲಿಸಿದರು.

ಏನು ಸಿಕ್ಕಿತು? ಎಷ್ಟು ದೂರ ಹಾರಿ ಎಷ್ಟು ಇಂಧನ ಕೊಡಬೇಕು ಎಂಬುದಕ್ಕೆ ಕಡತದಲ್ಲಿ ಒಂದು ಗುರಿ ಇತ್ತು. ಆ ಗುರಿಯನ್ನು ಮೀರಿದರೆ ಹೆಚ್ಚಿನ ಮನ್ನಣೆ ಇಲ್ಲ ಎಂದೂ ಅಲ್ಲೇ ಬರೆದಿತ್ತು. ವಾಯುಪಡೆ ಮಾತ್ರ ದೊಡ್ಡ ವಿಮಾನ ಗುರಿಯನ್ನು ಬಹಳ ಮೀರಿದೆ ಎಂದು ಅದಕ್ಕೆ ಮನ್ನಣೆ ಕೊಟ್ಟಿತ್ತು. ಇನ್ನೊಂದು ಸಂಗತಿ: ವಿಮಾನದ ಭಾರಿ ದುರಸ್ತಿಯನ್ನು ವಾಯುಪಡೆ ತನ್ನ ಕಾರ್ಯಾಗಾರಗಳಲ್ಲೇ ಮಾಡಿಕೊಳ್ಳುವಂತೆ ಎರಡು ವರ್ಷದೊಳಗೆ ಸಜ್ಜುಗೊಳಿಸಿ ಕೊಡಬೇಕೆಂಬ ಷರತ್ತಿತ್ತು. ನಾರ್ತ್ರಾಪ್ ಇದಕ್ಕೆ ಒಪ್ಪಿಗೆ ಬರೆದುಕೊಟ್ಟಿರಲಿಲ್ಲ. ಇದು ಕಾಗದಪತ್ರದ ಸಣ್ಣ ಲೋಪ ಎಂದು ವಾಯುಪಡೆ ಬದಿಗೆ ಸರಿಸಿತ್ತು. ಇದು ಲೋಪವಲ್ಲ, ಟೆಂಡರಿನ ಮುಖ್ಯ ಷರತ್ತು ಎಂದು ಜಿಎಒ ಹೇಳಿತು. ಮೂರನೆಯದು ಇನ್ನೂ ಬೇಸರದ ಸಂಗತಿ. ಒಂದು ಅಂಶದಲ್ಲಿ ನೀವು ಪೂರ್ತಿ ತೇರ್ಗಡೆ ಎಂದು ಬೋಯಿಂಗ್‌ಗೆ ತಿಳಿಸಿದ್ದವರು ಆಮೇಲೆ ಮನಸ್ಸು ಬದಲಿಸಿ ಭಾಗಶಃ ಮಾತ್ರ ಎಂದು ತೀರ್ಮಾನಿಸಿದ್ದರು. ಅದನ್ನು ಬೋಯಿಂಗ್‌ಗೆ ಹೇಳಲೇ ಇಲ್ಲ. ಅದೇ ಅಂಶದ ಬಗ್ಗೆ ನಾರ್ತ್ರಾಪ್ ಜೊತೆ ಚರ್ಚೆ ಮುಂದುವರಿಸಿದ್ದರು.

ಜೂನ್ 18ರಂದು ಜಿಎಒ ದೂರನ್ನು ಎತ್ತಿಹಿಡಿಯಿತು. ಗಮನಿಸಿ, ಬೋಯಿಂಗ್ ಹೇಳಿದ ಎಲ್ಲವನ್ನೂ ಅದು ಒಪ್ಪಲಿಲ್ಲ, ಹಲವನ್ನು ತಳ್ಳಿಹಾಕಿತು. ಬರೆದ ಷರತ್ತಿಗೂ ನಡೆದುಕೊಂಡ ರೀತಿಗೂ ತಾಳೆಯಾಗದ ಕೆಲವೇ ಸಾಲುಗಳು ಇಷ್ಟು ದೊಡ್ಡ ಗುತ್ತಿಗೆಯನ್ನು ಬುಡಮೇಲು ಮಾಡಲು ಸಾಕಾದವು. ಅದೇ ಸೆಪ್ಟೆಂಬರಿನಲ್ಲಿ ಆ ಟೆಂಡರ್ ರದ್ದಾಯಿತು. 2010ರಲ್ಲಿ ಹೊಸದು ಬಂದಾಗ ಅದರಲ್ಲಿ 372 ಕಡ್ಡಾಯ ಅಂಶಗಳಿದ್ದವು. ಅಷ್ಟನ್ನೂ ಪೂರೈಸಿದವರ ನಡುವೆ ದರವೇ ನಿರ್ಣಾಯಕ. ದರದ ಅಂತರ ಶೇಕಡಾ 1ಕ್ಕಿಂತ ಕಡಿಮೆಯಿದ್ದರೆ ಮಾತ್ರ ಉಳಿದ ಗುಣಗಳ ಲೆಕ್ಕ. ಈ ಬರವಣಿಗೆ ನೋಡಿದ ಕೂಡಲೇ ಇದು ಸಣ್ಣ ವಿಮಾನಕ್ಕೆ ಒಲಿಯುತ್ತದೆ ಎಂದು ನಾರ್ತ್ರಾಪ್ ಹಿಂದೆ ಸರಿಯಿತು. ಇಎಡಿಎಸ್ ಒಂಟಿಯಾಗಿ ಸ್ಪರ್ಧಿಸಿ ಸೋತಿತು. 2011ರ ಫೆಬ್ರುವರಿ 24ರಂದು ಬೋಯಿಂಗ್ ಗೆದ್ದಿತು. ಟೆಂಡರ್ ಓದುವುದು ಎಂದರೆ ಇದು. ವಿಮಾನಗಳು ಹೆಚ್ಚುಕಡಿಮೆ ಅವೇ, ಬದಲಾದದ್ದು ಬರವಣಿಗೆ, ಗೆದ್ದವರು ಬೇರೆ!

ಅಷ್ಟು ದೊಡ್ಡವರಿಗೇ ಒಂದು ಷರತ್ತು ಹೀಗೆ ಮುಳುವಾದರೆ ನೀವು ಎಷ್ಟು ಎಚ್ಚರದಿಂದಿರಬೇಕು ಯೋಚಿಸಿ. ಆದರೂ ಪೂರೈಕೆದಾರರಲ್ಲಿ ಬಹಳ ಮಂದಿ ಮಾಡುವುದೇನು? ಬಣ್ಣದ ಕೈಪಿಡಿ ಲಗತ್ತಿಸುತ್ತಾರೆ, ಸ್ಥಾಪಕರ ಭಾವಚಿತ್ರ ಹಾಕುತ್ತಾರೆ, ಬಂದ ಪ್ರಶಸ್ತಿಗಳನ್ನು ಬರೆಯುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ಒಂದು ಕೇಳಿದರೆ ತನಗೆ ಗೊತ್ತಿರುವ ಇನ್ನೊಂದನ್ನು ಬರೆದು ಬರುವ ವಿದ್ಯಾರ್ಥಿಯ ಹಾಗೆ. ಅದಕ್ಕೆ ಅಂಕ ಕೊಡುವ ಅಧಿಕಾರವೇ ಪರೀಕ್ಷಕರಿಗೆ ಇಲ್ಲ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ, ಆದರೂ ಹೇಳುತ್ತೇನೆ: ಕೇಳಿದ್ದಕ್ಕೆ ಉತ್ತರ ಕೊಡಿ.

ದಾರಿ ಸರಳವಾಗಿದೆ. ಒಂದು ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ. ಎಡಗಡೆ ಷರತ್ತಿನ ಸಂಖ್ಯೆ ಮತ್ತು ಅವರದೇ ಮಾತು, ಒಂದಕ್ಷರವೂ ಬದಲಾಗಬಾರದು. ನಡುವೆ ಹೌದು ಅಥವಾ ಇಲ್ಲ. ಬಲಗಡೆ ಪುರಾವೆ ಇರುವ ಪುಟ. ಬ್ಯಾಟರಿ ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಎಂಟು ಗಂಟೆ ನಡೆಯಬೇಕು ಎಂದು ಕೇಳಿದ್ದರೆ, ನಮ್ಮ ಬ್ಯಾಟರಿ ಎಂಥ ಚಳಿಗೂ ಜಗ್ಗದು ಎಂದು ಬರೆಯಬೇಡಿ. ಹೌದು, ಪ್ರಯೋಗಾಲಯದ ವರದಿ, ಪುಟ 41, ಅಷ್ಟು ಸಾಕು. ಷರತ್ತು ಅರ್ಥವಾಗದಿದ್ದರೆ ಟೆಂಡರ್ ಪೂರ್ವ ಸಭೆಯಲ್ಲಿ ಲಿಖಿತವಾಗಿ ಕೇಳಿ. ಉತ್ತರ ಎಲ್ಲ ಸ್ಪರ್ಧಿಗಳಿಗೂ ಹೋಗುತ್ತದೆ, ಅದೂ ಕಡತದ ಭಾಗವಾಗುತ್ತದೆ. ಫೋನಿನಲ್ಲಿ ಯಾರೋ ಅಧಿಕಾರಿ ಹೇಳಿದ ಮಾತಿಗೆ ಬೆಲೆಯಿಲ್ಲ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಬೇಗ ಮುಗಿಸುತ್ತೇನೆ. ದರದ ವಿಷಯ. ಗೆಲ್ಲಲೇಬೇಕೆಂದು ಅಸಲಿಗಿಂತ ಕಡಿಮೆ ಬರೆಯಬೇಡಿ. ಆ ಟ್ಯಾಂಕರ್ ಗುತ್ತಿಗೆಯನ್ನು ಬೋಯಿಂಗ್ ನಿಗದಿತ ಬೆಲೆಗೆ ಹಿಡಿದಿತ್ತು. ಮೊದಲ ವಿಮಾನ ವಾಯುಪಡೆಗೆ ತಲುಪಿದ್ದು 2019ರ ಜನವರಿಯಲ್ಲಿ. ಅಷ್ಟರಲ್ಲಿ ತಡವಾಗಿತ್ತು, ಮುಂದೆ ಕಂಪನಿಯ ನಷ್ಟ 700 ಕೋಟಿ ಡಾಲರ್ ದಾಟಿತು. ನಿಮ್ಮ ಕಾರ್ಖಾನೆ ಅಂಥ ಪೆಟ್ಟು ತಾಳುವುದಿಲ್ಲ. ಬಿಡಿಭಾಗ, ತರಬೇತಿ, ದುರಸ್ತಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಡೀ ಗುತ್ತಿಗೆ ನಿಮ್ಮ ಶಕ್ತಿಗೆ ಮೀರಿದ್ದಾದರೆ ಗೆಲ್ಲಬಹುದಾದ ಕಂಪನಿಗೆ ಉಪಗುತ್ತಿಗೆದಾರರಾಗಿ. ಸಣ್ಣವರಿಗೆ ಬಾಗಿಲು ತೆರೆಯುವುದು ಹೆಚ್ಚಾಗಿ ಹೀಗೆಯೇ. ಅಲ್ಲಿಯೂ ನಿಮ್ಮ ಪಾಲಿನ ಷರತ್ತುಗಳನ್ನು ಬರಹದಲ್ಲೇ ಪಡೆಯಿರಿ.

ಸೋತರೆ ಮನೆಗೆ ಹೋಗಿ ಕೂರಬೇಡಿ. ನಿಯಮ ಅವಕಾಶ ಕೊಡುವ ಕಡೆಗಳಲ್ಲೆಲ್ಲ ಸೋತದ್ದೇಕೆಂದು ವಿವರಣೆ ಕೇಳಿ. ಗಡುವು ಕೆಲವೇ ದಿನಗಳದ್ದಿರುತ್ತದೆ, ಆದ್ದರಿಂದ ಫಲಿತಾಂಶ ಬಂದ ದಿನವೇ ಪತ್ರ ಬರೆಯಿರಿ. ಪತ್ರದಲ್ಲಿ ಅನ್ಯಾಯವಾಯಿತು ಎಂದು ಗೋಳಾಡಬೇಡಿ. ನಿಮ್ಮ ಮೂರು ಅಂಕಣದ ಹಾಳೆಯನ್ನು ಮುಂದಿಟ್ಟುಕೊಂಡು ಯಾವ ಸಂಖ್ಯೆಯ ಷರತ್ತಿನಲ್ಲಿ ನಮಗೆ ಎಷ್ಟು ಅಂಕ ಬಂತು, ಏಕೆ ಬಂತು ಎಂದಷ್ಟೇ ಕೇಳಿ.

ನಮಸ್ಕಾರ.