ಗಟ್ಟಿಯಾಗಿ ಓದಿದರೆ ಕಳಚುವ ವೇಷ

ಕೇಳುಗರಿಗೆ ನಮಸ್ಕಾರ. ಮೊದಲು ಒಂದು ಸಾಲು ಕೇಳಿ: ‘ಸೀಸರೆಂ ಲೆಗಾತೊ ಅಲಾಕ್ರೆಂ ಎಓರುಂ’. ಮಂತ್ರದ ಹಾಗಿದೆ, ಅಲ್ಲವೇ? ನಾಲ್ಕೂ ಅಪ್ಪಟ ಲ್ಯಾಟಿನ್ ಪದಗಳೇ. ಒಟ್ಟು ಸೇರಿಸಿದರೆ ಮಾತ್ರ ತಲೆಬುಡ ತಿಳಿಯದು. ಫ್ರಾನ್ಸಿನ ಹುಡುಗರು ಇದನ್ನೇ ತಮ್ಮ ಉಚ್ಚಾರಣೆಯಲ್ಲಿ ಗಡಗಡ ಓದಿದರೆ, ‘ಸೀಸರನಿಗೆ ಕೆನೆ, ರಮ್ ಹಾಕಿದ ಕೇಕ್ ಇಷ್ಟ’ ಅಂತ ಫ್ರೆಂಚಿನಲ್ಲಿ ಕೇಳಿಸುತ್ತದೆ. ರೋಮಿನ ದಂಡನಾಯಕ ಬೇಕರಿ ಮುಂದೆ ಬಂದು ನಿಂತ!

ಇಂಥ ಹುಸಿ ಲ್ಯಾಟಿನ್ ಕಟ್ಟುವವರು ಆ ಭಾಷೆ ಬಾರದವರಲ್ಲ, ಚೆನ್ನಾಗಿ ಬಲ್ಲವರೇ. ಐರ್ಲೆಂಡಿನ ಲೇಖಕ ಜೊನಾಥನ್ ಸ್ವಿಫ್ಟ್ 1713ರಿಂದ ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ನ ಡೀನ್, ಅಂದರೆ ಮುಖ್ಯ ಪಾದ್ರಿ. ಅವನ ಗೆಳೆಯ ಥಾಮಸ್ ಶೆರಿಡನ್ ಶಾಲೆಯ ಮೇಷ್ಟ್ರು. ಇಬ್ಬರೂ ಪತ್ರಗಳಲ್ಲಿ ಇದೇ ಆಟ ಆಡುತ್ತಿದ್ದರು. ‘ಮೊಲ್ಲಿಸ್ ಅಬುಟಿ... ನೊ ಲಾಸ್ಸೊ ಫಿನಿಸ್’ ಎಂದು ಸ್ವಿಫ್ಟ್ ಬರೆದ. ಇಂಗ್ಲಿಷ್ ಕಿವಿಗೆ ಅದು ‘ಮಾಲ್ ಈಸ್ ಎ ಬ್ಯೂಟಿ... ನೊ ಲಾಸ್ ಸೊ ಫೈನ್ ಈಸ್’. ಅಂದರೆ ಮಾಲ್ ಎಂಬಾಕೆ ಚೆಲುವೆ, ಅವಳಷ್ಟು ಚೆಂದದ ಹುಡುಗಿ ಇನ್ನೊಬ್ಬಳಿಲ್ಲ! ಆಗಿನ ಇಂಗ್ಲಿಷರು ಲ್ಯಾಟಿನ್ನನ್ನು ತಮ್ಮ ಸ್ವರಗಳಲ್ಲೇ ಓದುತ್ತಿದ್ದರು. ‘ಫಿನಿಸ್’ ಅವರ ಬಾಯಲ್ಲಿ ‘ಫೈನಿಸ್’. ‘ಫೈನ್ ಈಸ್’ ಅದರೊಳಗೇ ಅಡಗಿ ಕೂತಿತ್ತು.

ಕಲ್ಲಿನ ಮೇಲೆ ಇದೇ ತಮಾಷೆ ನಡೆದರೆ ಏನಾಗುತ್ತದೆ? 1836ರಲ್ಲಿ ಕಂತುಕಂತಾಗಿ ಹೊರಬರತೊಡಗಿದ ಚಾರ್ಲ್ಸ್ ಡಿಕನ್ಸನ ಕಾದಂಬರಿಯಲ್ಲಿ, ಪಿಕ್‌ವಿಕ್ ಎಂಬ ದೊಡ್ಡ ಮನುಷ್ಯರಿಗೆ ಕೆಂಟ್ ಸೀಮೆಯ ಕಾಬಮ್ ಹಳ್ಳಿಯ ಗುಡಿಸಲೊಂದರ ಬಾಗಿಲಲ್ಲಿ ಮುರುಕು ಕಲ್ಲೊಂದು ಸಿಗುತ್ತದೆ. ಮೇಲೆ ಅಕ್ಷರಗಳು: ‘ಬಿಲ್ಸ್ಟ್, ಉಮ್, ಪ್ಶಿ, ಎಸ್ ಎಂ, ಆರ್ಕ್’. ಹತ್ತು ಶಿಲಿಂಗ್ ಕೊಟ್ಟು ಕೊಂಡು, 96 ಪುಟದ ಪುಸ್ತಿಕೆ ಬರೆದು, 27 ಪಾಠಾಂತರ ಕೊಡುತ್ತಾರೆ. 17 ವಿದ್ವತ್ ಸಂಘಗಳು ಅವರನ್ನು ಗೌರವ ಸದಸ್ಯರನ್ನಾಗಿ ಮಾಡಿಕೊಳ್ಳುತ್ತವೆ. ಬ್ಲಾಟನ್ ಎಂಬ ತಂಟೆಕೋರ ಮಾತ್ರ ಹಳ್ಳಿಗೇ ಹೋಗಿ ಕಲ್ಲು ಮಾರಿದವನನ್ನು ವಿಚಾರಿಸುತ್ತಾನೆ. ಕಲ್ಲೇನೋ ಹಳೆಯದು, ಅಕ್ಷರ ನಾನೇ ಕೆತ್ತಿದ್ದು ಅನ್ನುತ್ತಾನೆ ಅವನು. ಅದು ‘ಬಿಲ್ ಸ್ಟಂಪ್ಸ್, ಹಿಸ್ ಮಾರ್ಕ್’, ಬಿಲ್ ಸ್ಟಂಪ್ಸನ ಗುರುತು, ಅಷ್ಟೇ. ಇಷ್ಟು ಕಂಡುಹಿಡಿದ ಬ್ಲಾಟನ್ನನಿಗೆ ಸಿಕ್ಕ ಬಹುಮಾನ? ಪಿಕ್‌ವಿಕ್‌ರ ಸಂಘದಿಂದ ಉಚ್ಚಾಟನೆ! ಪಿಕ್‌ವಿಕ್‌ರಿಗೆ ಚಿನ್ನದ ಕನ್ನಡಕ. ಕಲ್ಲು ಕಂಡೊಡನೆ ಕೈಮುಗಿಯುವ ಪಾಂಡಿತ್ಯವನ್ನು ಇಷ್ಟು ಹಾಯಾಗಿ ಚಿವುಟಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಲಿಪಿಗೆ ಈ ಆಟ ಅಷ್ಟಾಗಿ ಒಗ್ಗುವುದಿಲ್ಲ. ನಾವು ಬರೆದದ್ದನ್ನೇ ಓದುವವರು. ಈ ಸಾಲುಗಳನ್ನು ಹಾಳೆಯಲ್ಲಿ ಕನ್ನಡಕ್ಕೆ ಇಳಿಸಿಕೊಳ್ಳುವಾಗಲೇ ಅರ್ಧ ಗುಟ್ಟು ರಟ್ಟಾಯಿತು. ಪದ ಒಡೆಯುವ ಚಮತ್ಕಾರ ಮಾತ್ರ ನಮಗೆ ಹೊಸದಲ್ಲ, ಅಲಂಕಾರಶಾಸ್ತ್ರ ಅದನ್ನು ಸಭಂಗ ಶ್ಲೇಷ ಅನ್ನುತ್ತದೆ. ಭಟ್ಟಿಕಾವ್ಯದ 13ನೆಯ ಸರ್ಗವನ್ನು ಸಂಸ್ಕೃತವೆಂದೂ ಓದಬಹುದು, ಪ್ರಾಕೃತವೆಂದೂ ಓದಬಹುದು. ಎರಡರಲ್ಲೂ ಅರ್ಥ ಒಂದೇ ಆದ್ದರಿಂದ ಅಲ್ಲಿ ಬೆರಗಾಗುತ್ತೇವೆ, ನಗುವುದಿಲ್ಲ. ಇಟಲಿಯವರ ಈ ಸಾಲು ನೋಡಿ: ‘ಇ ವಿತೆಲ್ಲಿ ದೆಯಿ ರೊಮಾನಿ ಸೊನೊ ಬೆಲ್ಲಿ’. ಲ್ಯಾಟಿನ್ನಿನಲ್ಲಿ, ‘ಹೋಗು ವಿಟೆಲ್ಲಿಯಸ್, ರೋಮಿನ ದೇವರ ರಣಘೋಷಕ್ಕೆ!’ ಇಟಾಲಿಯನ್ನಿನಲ್ಲಿ, ‘ರೋಮಿನವರ ಕರುಗಳು ಚೆಂದ’. ಇಲ್ಲಿ ಒಂದಕ್ಷರವೂ ಕದಲಿಲ್ಲ.

ಕೊನೆಯದಾಗಿ ಇನ್ನೊಂದು. ಸಂತೆಮಾಳದ ಕಲ್ಲುಗಂಬದ ಮೇಲೆ ಹೀಗೆ ಕೆತ್ತಿದೆ ಅಂದುಕೊಳ್ಳಿ: ‘ಟೋಟಿ ಎಮುಲ್ ಎಸ್ಟೊ’. ಮೂರು ಪದಗಳನ್ನೂ ಕೂಡಿಸಿ, ಇಂಗ್ಲಿಷಿನ ಧಾಟಿಯಲ್ಲಿ ಗಟ್ಟಿಯಾಗಿ ಓದಿ. ಉತ್ತರ ನಾನು ಹೇಳುವುದಿಲ್ಲ. ಮನೆಯಲ್ಲಿ ಹೇಸರಗತ್ತೆ ಇರುವವರಿಗೆ ಬೇಗ ಹೊಳೆದೀತು. ನಮಸ್ಕಾರ.