ಕಾರ್ಬೊರೇಟರ್ ಪೈಪುಗಳು: ಯಾವುದು ಎಲ್ಲಿಗೆ?

ನಮಸ್ಕಾರ ಕೇಳುಗರೇ.

ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವುದು ಕಾರ್ಬೊರೇಟರ್. ಹಳೇ ಬೈಕಿನಲ್ಲಿ ಅದನ್ನು ಬಿಚ್ಚುವುದು ಅಂಥ ಕಷ್ಟವೇನಲ್ಲ. ತೊಳೆದು ಮತ್ತೆ ಕೂರಿಸುವಾಗ ತಲೆಬಿಸಿ ಶುರುವಾಗುತ್ತದೆ. ಒಂದು ಪೈಪು ಸುಮ್ನೆ ನೇತಾಡುತ್ತಿರುತ್ತದೆ, ಇನ್ನೊಂದು ಕಡೆ ಪೈಪು ಸಿಕ್ಕಿಸುವ ಮೂತಿ, ಅಂದರೆ ನಿಪ್ಪಲ್, ಖಾಲಿ ಉಳಿದಿರುತ್ತದೆ. ದಪ್ಪ ನೋಡಿ ಜೋಡಿಸೋಣ ಅಂದರೆ ಎರಡು ಮೂರು ಪೈಪು ಒಂದೇ ದಪ್ಪ. ಅದಕ್ಕೇ ದಪ್ಪ ನೋಡಬೇಡಿ. ಒಳಗೆ ಹರಿಯುವುದೇನು ಅಂತ ಕೇಳಿಕೊಳ್ಳಿ. ಪೆಟ್ರೋಲಾ, ಬರೀ ಗಾಳಿಯಾ, ಆಯಿಲಾ, ಇಲ್ಲ ಇಂಜಿನ್ ಒಳಗಿನ ಎಳೆತವಾ?

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಲ್ಲಿ ಈ ಗೊಂದಲ ಕಡಿಮೆ. ಆಯಿಲ್ ಕಿಂಗ್ ಮಾದರಿ ಬಿಡಿ, ಉಳಿದವಕ್ಕೆ ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕುತ್ತಿದ್ದರು. ಟ್ಯಾಂಕಿನಿಂದ ಕಾರ್ಬೊರೇಟರಿಗೆ ಒಂದು ಪೈಪು ಬಂದರೆ ಮುಗಿಯಿತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ಕ್ಕೆ ಆಯಿಲ್ ಟ್ಯಾಂಕೇ ಬೇರೆ, ಜೊತೆಗೊಂದು ಪಂಪು. ಆ ಪಂಪಿನಿಂದ ಹೊರಡುವ ತೆಳ್ಳನೆಯ ಪೈಪಿನ ಬಗ್ಗೆ ಹುಷಾರು. ಅದು ಕಳಚಿದ್ದರೂ, ಒಳಗೆ ಗಾಳಿ ಸೇರಿದ್ದರೂ ಬೈಕ್ ಸ್ಟಾರ್ಟ್ ಆಗುತ್ತದೆ, ಚೆನ್ನಾಗಿಯೇ ಓಡುತ್ತದೆ. ಆಮೇಲೆ ಆಯಿಲಿಲ್ಲದೆ ಪಿಸ್ಟನ್ ಸೀಜ್, ಅಂದರೆ ಒಳಗೇ ಕಚ್ಚಿಕೊಳ್ಳುತ್ತದೆ!

ಜನ ಜಾಸ್ತಿ ಎಡವುವುದು ಖಾಲಿ ಬಿಟ್ಟಿರಬೇಕಾದ ಪೈಪುಗಳ ವಿಷಯದಲ್ಲಿ. ಕಾರ್ಬೊರೇಟರಿನ ಕೆಳಗಿನ ಬಟ್ಟಲಲ್ಲಿ ಪೆಟ್ರೋಲ್ ನಿಲ್ಲುತ್ತದೆ. ಅದಕ್ಕೆ ಮೇಲಿನಿಂದ ಹೊರಗಿನ ಗಾಳಿ ತಾಗುತ್ತಿರಬೇಕು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಸರಿಯಾಗಿ ಬೀಳುವುದಿಲ್ಲ ಅಲ್ವಾ, ಇದೂ ಅದೇ ಲೆಕ್ಕ. ಬಟ್ಟಲಿನ ಮೇಲ್ಭಾಗದ ಪಕ್ಕದಲ್ಲಿರುವ ಸಣ್ಣ ನಿಪ್ಪಲ್‌ಗಳು ಸಾಮಾನ್ಯವಾಗಿ ಈ ಗಾಳಿದಾರಿಗಳು. ಅವುಗಳ ಪೈಪಿನ ಇನ್ನೊಂದು ತುದಿ ಯಾವುದಕ್ಕೂ ಸೇರದೆ ಖಾಲಿ ಇರುವುದೂ ಉಂಟು. ಪಾಪ, ಬಿಟ್ಟುಹೋಗಿದೆ ಅಂತ ಯಾರೋ ಅದಕ್ಕೊಂದು ಸ್ಕ್ರೂ ತುರುಕಿರುತ್ತಾರೆ. ಬೈಕ್ ಸ್ವಲ್ಪ ದೂರ ಓಡಿ ಸೊರಗುತ್ತದೆ, ನಿಲ್ಲಿಸಿ ಕಾದರೆ ಮತ್ತೆ ಓಡುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿತೂತು ಕಟ್ಟಿಕೊಂಡರೂ ಇದೇ ಕಾಟ. ಹಾಗಾಗಿ ಮೊದಲು ಬೈಕ್ ನಿಂತ ಜಾಗದಲ್ಲೇ ಮುಚ್ಚಳ ತೆಗೆದು ನೋಡಿ. ತೆಗೆದ ಕೂಡಲೇ ಸರಿಹೋದರೆ ಕಾರ್ಬೊರೇಟರ್ ಮೇಲೆ ಅನುಮಾನ ಬೇಡ.

ಬಟ್ಟಲಿನ ತಳದಿಂದ ಇಳಿಯುವ ಪೈಪು ಬೇರೆ. ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲಿನಲ್ಲಿ ಕಸ ಸಿಕ್ಕಿ ಪೆಟ್ರೋಲ್ ನಿಲ್ಲದಿದ್ದರೆ ಹೆಚ್ಚಾದದ್ದು ಅಲ್ಲಿಂದ ಕೆಳಗೆ ಸುರಿಯುತ್ತದೆ. ಅದನ್ನು ಮುಚ್ಚಿದರೆ ಪೆಟ್ರೋಲ್ ಇಂಜಿನ್ ಒಳಕ್ಕೇ ದಾರಿ ಹುಡುಕಬಹುದು. ಪೈಪನ್ನು ಸೈಲೆನ್ಸರಿನ ಹತ್ತಿರವೂ ಬಿಡಬೇಡಿ. ನೆಲಕ್ಕೆ ನೇರ ಇಳಿಯಲಿ.

ಇನ್ನು ಎಳೆತದ ಪೈಪು. ಹಳೇ ಸುಜುಕಿ, ಕವಾಸಾಕಿ ಬೈಕುಗಳು ಕೆಲವರ ಮನೆಯಲ್ಲಿ ಇನ್ನೂ ಇವೆ. ಅವುಗಳಲ್ಲಿ ಹಲವಕ್ಕೆ ಟ್ಯಾಂಕಿನ ಕೆಳಗಿನ ನಲ್ಲಿ, ಅಂದರೆ ಪೆಟ್ರೋಲ್ ಕಾಕಿನಿಂದ ಎರಡು ಪೈಪು ಹೊರಡುತ್ತವೆ. ದಪ್ಪದ್ದು ಪೆಟ್ರೋಲಿಗೆ. ತೆಳ್ಳಗಿನದು ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವಿನ ದಾರಿಗೆ ಸೇರುತ್ತದೆ. ಇಂಜಿನ್ ಓಡುವಾಗ ಆ ಎಳೆತಕ್ಕೆ ಕಾಕಿನ ಒಳಗಿನ ರಬ್ಬರ್ ಪೊರೆ ತೆರೆದುಕೊಂಡು ಪೆಟ್ರೋಲ್ ಬಿಡುತ್ತದೆ. ಆ ಪೊರೆ ಹರಿದರೆ ತೆಳ್ಳಗಿನ ಪೈಪಿನಿಂದಲೇ ಪೆಟ್ರೋಲ್ ಇಂಜಿನ್ನಿಗೆ ಹೋಗುತ್ತದೆ. ಆ ಪೈಪು ಕಳಚಿದಾಗ ಒಳಗೆ ಪೆಟ್ರೋಲ್ ಕಂಡಿತೋ, ಕಾಕ್ ರಿಪೇರಿಗೆ ಬಂತು ಅಂತಲೇ ಅರ್ಥ. ಇಂಜಿನ್ ಆಯಿಲನ್ನೂ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸದೆ ಸ್ಟಾರ್ಟ್ ಮಾಡಲೇಬೇಡಿ.

ನಮ್ಮಲ್ಲೂ 2000ದ ನಂತರದ ಅನೇಕ ಬೈಕುಗಳಲ್ಲಿ ಇಂಥದೊಂದು ತೆಳ್ಳನೆಯ ಪೈಪಿದೆ. ಹೊಗೆ ಕಡಿಮೆ ಮಾಡಲು ಸೈಲೆನ್ಸರ್ ಕಡೆಗೆ ಗಾಳಿ ಬಿಡುವ ವಾಲ್ವಿಗೆ ಅದು ಹೋಗುತ್ತದೆ. ಈ ಪೈಪು ಸೀಳಿದರೆ ಅಲ್ಲಿಂದ ಇಂಜಿನ್ ಕಳ್ಳಗಾಳಿ ಎಳೆದುಕೊಳ್ಳುತ್ತದೆ. ಸ್ಲೋ, ಅಂದರೆ ಎಕ್ಸಲೇಟರ್ ಕೊಡದಿದ್ದಾಗಿನ ಇಂಜಿನ್ ಓಟ, ಒಂದೇ ಸಮ ನಿಲ್ಲುವುದಿಲ್ಲ, ಎಕ್ಸಲೇಟರ್ ಬಿಟ್ಟಾಗ ಸೈಲೆನ್ಸರ್ ಪಟಪಟ ಅನ್ನುತ್ತದೆ. ಇದನ್ನು ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ ಸರಿಮಾಡಲು ಹೊರಟರೆ ಸಂಜೆವರೆಗೂ ತಿರುಗಿಸುತ್ತಲೇ ಇರಬೇಕು. ಆ ಪೈಪು ಕಳಚಿ, ಇಂಜಿನ್ ಕಡೆಯ ನಿಪ್ಪಲ್‌ಗೆ ತಾತ್ಕಾಲಿಕವಾಗಿ ರಬ್ಬರ್ ಟೋಪಿ ಹಾಕಿ. ಸ್ಲೋ ಸರಿಹೋದರೆ ಕಳ್ಳ ಸಿಕ್ಕಿದ.

ಪೈಪು ಕೊಳ್ಳುವಾಗ ಜಿಪುಣತನ ಬೇಡ. ಪಾರದರ್ಶಕ ಪ್ಲಾಸ್ಟಿಕ್ ಪೈಪು ನೋಡಲು ಚೆಂದ, ಆದರೆ ಪೆಟ್ರೋಲಿಗೆ, ಬಿಸಿಗೆ ಗಟ್ಟಿಯಾಗಿ ನಿಪ್ಪಲ್ಲಿನಿಂದ ಜಾರುತ್ತದೆ. ಈಗ ಪೆಟ್ರೋಲಿನಲ್ಲಿ ಎಥನಾಲ್ ಬೇರೆ ಇದೆ. ಶೇಕಡಾ 20ರ ಮಿಶ್ರಣಕ್ಕೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಹಳೇ ರಬ್ಬರ್ ಅದಕ್ಕೆ ಊದಿಕೊಳ್ಳಬಹುದು, ಬಿರುಕು ಬಿಡಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ನಿಮ್ಮೂರಿನ ಸ್ಪೇರ್ ಅಂಗಡಿಯಾಗಲಿ, ಎಥನಾಲ್ ಪೆಟ್ರೋಲಿಗೆ ತಡೆಯುವ ಪೈಪೇ ಕೇಳಿ. ಹಳೇ ತುಂಡು ಜೊತೆಗಿರಲಿ, ಒಳಗಿನ ಅಳತೆ ತಾಳೆ ನೋಡಿ.

ಎಲ್ಲ ಜೋಡಿಸಿದ ಮೇಲೆ ತಕ್ಷಣ ಕಿಕ್ ಹೊಡೆಯಬೇಡಿ. ಕಾಕ್ ತೆರೆದು ಹತ್ತು ನಿಮಿಷ ಬಿಡಿ, ಹನಿ ಎಲ್ಲೂ ಕಾಣಬಾರದು. ಟ್ಯಾಂಕ್ ಕೂರಿಸಿದ ಮೇಲೆ ಪೈಪು ಎಲ್ಲಾದರೂ ಮಡಚಿಕೊಂಡಿದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿಯೂ ನೋಡಿ. ಆಮೇಲೆ ಸ್ಟಾರ್ಟ್ ಮಾಡಿ. ನಮಸ್ಕಾರ.